ಬಟಾಣಿಯ ಚೀಲದ ಹೊರಜೇಬು

ಫೆಬ್ರುವರಿ 3, ಶನಿವಾರ

ಬಟಾಣಿಯ ಅಪ್ಪನಿಗೆ,

ಇದು ನಾಲ್ಕು ಸಲ ಹರಿದು ಬರೆದ ಕಾಗದ. ಐದನೆಯ ಸಲ ಹರಿಯಲು ಹೊತ್ತಿಲ್ಲ. ಆರು ಗಂಟೆಗೆ ನಿಮ್ಮ ಅಕ್ಕ ಬರುತ್ತಾರೆ. ಎಂದಿನಂತೆ ಗೇಟಿನಾಚೆ ನಿಂತು, ನನ್ನ ಮುಖ ನೋಡದೆ, ಮಗಳನ್ನೂ ಚೀಲವನ್ನೂ ಇಸಿದುಕೊಂಡು ಬಸ್ಸು ಹತ್ತುತ್ತಾರೆ.

ವಿಷಯ ಇಷ್ಟು. ಹೋದ ಸೋಮವಾರದಿಂದ ಬೇಕರಿಯವರು ನಮ್ಮ ಮನೆಯಲ್ಲೇ ಇದ್ದಾರೆ. ಅವರ ವಿಷಯ ನಿಮಗೆ ಮೊದಲೇ ಗೊತ್ತು. ಆದರೆ ಮನೆಗೇ ಬಂದಿದ್ದಾರೆ ಅನ್ನೋದು ಬಟಾಣಿಯ ಬಾಯಿಂದ ತಿಳಿಯಬಾರದು ಅಂತ ನಾನೇ ಹೇಳುತ್ತಿದ್ದೇನೆ. ಅವಳು ಅವರನ್ನು "ಬನ್ ಮಾಮ" ಅನ್ನುತ್ತಾಳೆ. ಬೇರೆ ಏನೂ ಅನ್ನುವುದಿಲ್ಲ, ಅನ್ನಿಸುವುದೂ ಇಲ್ಲ. ಅವರು ಬೆಳಗಿನ ಜಾವ ಒಲೆ ಹೊತ್ತಿಸಲು ಹೋದರೆ ಮಧ್ಯಾಹ್ನ ಬಂದು ಮಲಗುತ್ತಾರೆ. ಮೈತುಂಬ ಹಿಟ್ಟು. ಬಟಾಣಿ ಅವರ ತೋಳಿನ ಮೇಲೆ ಬೆರಳಿನಿಂದ ಗೀಟು ಎಳೆದು ನಗುತ್ತಾಳೆ. ಇದನ್ನು ಬರೆಯಬಾರದಿತ್ತೇನೋ. ಆದರೆ ಮುಚ್ಚಿಟ್ಟರೆ ನನಗೆ ನಿದ್ದೆ ಬರುವುದಿಲ್ಲ, ಇರುವ ನಿದ್ದೆಯೇ ಅಷ್ಟಕ್ಕಷ್ಟೆ.

ಐದು ವರ್ಷದ ಮಗುವಿನ ಚೀಲದಲ್ಲಿ ಇಂಥ ಸುದ್ದಿ ಕಳಿಸುವುದು ಸರಿಯೋ ತಪ್ಪೋ ಅಂತ ಯೋಚಿಸುತ್ತೇನೆ. ಕೌನ್ಸೆಲರ್ ಮೇಡಂ ಅವತ್ತು ಹೇಳಿದ್ದು ನೆನಪಿದೆಯಲ್ಲ: "ಫೋನು ಹಿಡಿದರೆ ನೀವಿಬ್ಬರೂ ಕಚ್ಚಾಡ್ತೀರಿ. ಬರೆದು ಅವಳ ಚೀಲದಲ್ಲಿಡಿ. ಒಬ್ಬರನ್ನೊಬ್ಬರು ಹೆಸರು ಹಿಡಿದೂ ಕರೀಬೇಡಿ. ಬಟಾಣಿಯ ಅಪ್ಪ, ಬಟಾಣಿಯ ಅಮ್ಮ ಅಂತಲೇ ಬರೀರಿ, ಆಗ ಯಾರಿಗೋಸ್ಕರ ಬರೀತಿದೀರಿ ಅನ್ನೋದು ಮರೆಯಲ್ಲ." ಎರಡು ವರ್ಷದಿಂದ ಅದು ನಡೆದುಕೊಂಡು ಬಂದಿದೆ. ಮುಂದೂ ನಡೆಯಲಿ.

ಒಳಜೇಬಿನಲ್ಲಿ ಅವಳ ಕೆಮ್ಮಿನ ಔಷಧಿ ಇದೆ. ಮಲಗುವ ಮುಂಚೆ ಒಂದು ಮುಚ್ಚಳ.

ಇಂತಿ,
ಬಟಾಣಿಯ ಅಮ್ಮ


ಫೆಬ್ರುವರಿ 4, ಭಾನುವಾರ

ಬಟಾಣಿಯ ಅಮ್ಮನಿಗೆ,

ಗೊತ್ತಾಯಿತು. ಒಳ್ಳೆಯದು.

ಬಾಡಿಗೆಗೆ ಈಗ ಇನ್ನೊಬ್ಬರು ಹೆಗಲು ಕೊಡ್ತಾರೆ ಅಂದ ಮೇಲೆ ಬಟಾಣಿಯ ತಿಂಗಳ ಖರ್ಚು ನಾನು ಪೂರ್ತಿ ಕೊಡೋ ಅಗತ್ಯ ಕಾಣಲ್ಲ. ಈ ತಿಂಗಳಿಂದ ಅರ್ಧ.

ಔಷಧಿ ಕೊಟ್ಟಿದೀನಿ. ಉಗಿದಳು. ಮತ್ತೆ ಕೊಟ್ಟೆ.

ಬಟಾಣಿಯ ಅಪ್ಪ


ಫೆಬ್ರುವರಿ 17, ಶನಿವಾರ

ಬಟಾಣಿಯ ಅಪ್ಪನಿಗೆ,

ನಿಮ್ಮ ಕಾಗದ ನಾಲ್ಕು ಸಾಲು. ಅಕ್ಷರವೋ, ಓಡುವ ಬಸ್ಸಿನಲ್ಲಿ ನಿಂತು ಗೀಚಿದ ಹಾಗೆ. ನಮ್ಮ ಕ್ಲಿನಿಕ್ಕಿನ ಲಿಫ್ಟಿಗೆ "ರಿಪೇರಿ ನಡೆಯುತ್ತಿದೆ, ದಯವಿಟ್ಟು ಮೆಟ್ಟಿಲು ಹತ್ತಿ" ಅಂತ ಮುತ್ತು ಪೋಣಿಸಿದ ಹಾಗೆ ಬರೆದು ತೂಗುಹಾಕಿದವರು ನೀವೇ. ಮೆಟ್ಟಿಲು ಹತ್ತದೆ ಆ ಬೋರ್ಡು ಓದುತ್ತಾ ನಿಂತ ಪೆದ್ದಿ ನಾನು. ಈಗ ನನಗೆ ಇಷ್ಟು ಸಾಕು ಅಂತಿರಬೇಕು.

ಅರ್ಧ ಬಂದಿದೆ. ಶಾಲೆ ಬಿಟ್ಟ ಮೇಲೆ ಬಟಾಣಿಯನ್ನು ನೋಡಿಕೊಳ್ಳುವ ಕೆಳಮನೆಯ ಆಂಟಿಗೆ ಕೊಟ್ಟೆ, ಮುಗಿಯಿತು. ಶಾಲೆಯ ಫೀಸಿಗೆ ನನ್ನ ಸಂಬಳ ಎಳೆದಾಡಿದೆ.

ಬೇಕರಿಯವರು ಬಾಡಿಗೆಯಲ್ಲಿ ಪಾಲು ಕೊಡುತ್ತಾರೆ, ನಿಜ. ಆದರೆ ಬಟಾಣಿಯ ಖರ್ಚಿಗೆ ಅವರಿಂದ ಒಂದು ಕಾಸೂ ಮುಟ್ಟುವುದಿಲ್ಲ ಅಂತ ಅವರು ಬಂದ ದಿನವೇ ಹೇಳಿದ್ದೇನೆ. ಅವರು ಯಾಕೆ ಅಂತ ಕೇಳಲಿಲ್ಲ. ನೀವು ಕೇಳುತ್ತೀರಿ, ಅದಕ್ಕೇ ಹೇಳುತ್ತೇನೆ. ಅವಳ ಬೂಟು ಅವರು ಕೊಡಿಸಿ, ಫೀಸು ಅವರು ಕಟ್ಟಿ, ಜ್ವರ ಬಂದಾಗ ಡಾಕ್ಟರಿಗೆ ಅವರೇ ಕೊಟ್ಟರೆ, ನಿಮಗೆ ಉಳಿಯುವುದೇನು? ತಿಂಗಳಿಗೆ ಎರಡು ಭಾನುವಾರ. ಅಷ್ಟೇ ಸಾಕಾ ನಿಮಗೆ? ನನಗೆ ಸಾಲದು. ಅವಳು ದೊಡ್ಡವಳಾದ ಮೇಲೆ "ನನ್ನನ್ನು ಸಾಕಿದ್ದು ಯಾರು" ಅಂತ ಕೇಳಿದರೆ "ಅಪ್ಪ, ಅಮ್ಮ" ಅಂತ ಎರಡೇ ಮಾತಿನಲ್ಲಿ ಹೇಳುವ ಹಾಗಿರಬೇಕು.

ಇದನ್ನು ದುಡ್ಡಿನ ಕಾಗದ ಅಂತ ಓದಬೇಡಿ.

ಇಂತಿ,
ಬಟಾಣಿಯ ಅಮ್ಮ


ಫೆಬ್ರುವರಿ 18, ಭಾನುವಾರ

ಬಟಾಣಿಯ ಅಮ್ಮನಿಗೆ,

ಬೋರ್ಡು ಬರೆದ ಕೈ ಸ್ಟ್ರೈಕು ಮಾಡಿದೆ. ಸಹಿಸಿಕೋ.

ಮೊದಲು ನೀನು ಅಂತಿದ್ದವಳು ಈಗ ನೀವು ಅಂತ ಬರೀತೀಯ. ಲಿಫ್ಟು ಕೆಟ್ಟಿದೆ ಅಂತ ಕಂಪನಿಗೆ ದೂರು ಕೊಟ್ಟ ಹಾಗಿರುತ್ತೆ. ಓದಿದ ಮೇಲೆ ರಸೀದಿ ಕೊಡೋಣ ಅನ್ನಿಸುತ್ತೆ.

ಬ್ರೆಡ್ಡಿನವರ ದುಡ್ಡು ಮುಟ್ಟಲ್ಲ ಅಂತ ನಾನೇನೂ ಕೇಳಿರಲಿಲ್ಲ. ಮುಟ್ಟೋದು ಬಿಡೋದು ನಿಮ್ಮ ನಿಮ್ಮ ವ್ಯವಹಾರ.

ಬಟಾಣಿಗೆ ಅವಳ ಹೆಸರು ಬರೆಯೋದು ಕಲಿಸ್ತಾ ಇದೀನಿ. "ಬ" ಬಂತು. "ಟಾ" ಜಾರುತ್ತೆ. "ಣಿ" ಹತ್ತಿರ ಸೇರಿಸಲ್ಲ. ಹಳೇ ಸರ್ವೀಸ್ ಚೀಟಿಗಳ ಹಿಂದೆ ಇಬ್ಬರೂ ಬರೀತಾ ಕೂತಿರ್ತೀವಿ. ಇಡೀ ಭಾನುವಾರ ಅದೇ.

ಕೆಮ್ಮು ಹೋಗಿದೆ.

ಬಟಾಣಿಯ ಅಪ್ಪ


ಮಾರ್ಚ್ 17, ಶನಿವಾರ

ಬಟಾಣಿಯ ಅಪ್ಪನಿಗೆ,

ಈ ತಿಂಗಳು ಅರ್ಧವೂ ಬರಲಿಲ್ಲ. ಹದಿನೇಳು ದಿನ ಕಾದೆ. ಹೋದ ಸಲದ ಚೀಲದಲ್ಲೂ ಒಂದು ಮಾತಿರಲಿಲ್ಲ.

ಬಟಾಣಿಯನ್ನು "ಅಪ್ಪ ಹೇಗಿದ್ದಾರೆ" ಅಂತ ಕೇಳಿದೆ. ಕೇಳಬಾರದು ಅಂತ ಮೇಡಂ ಹೇಳಿದ್ದರು, ಆದರೂ ಕೇಳಿದೆ. "ಅಪ್ಪನೂ ನಾನೂ ಒಟ್ಟಿಗೆ ಬರೆಯೋಕೆ ಕಲೀತಾ ಇದೀವಿ. ನಂದೇ ಚೆನ್ನಾಗಿದೆ" ಅಂದಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿಹೋದಳು. ಇಲ್ಲಿ ನಾನು ಆಂಟಿಯ ಹತ್ತಿರ ಇನ್ನೊಂದು ವಾರ ಇನ್ನೊಂದು ವಾರ ಅನ್ನುತ್ತಿದ್ದರೆ, ಅಲ್ಲಿ ನೀವು ಮಗುವಿನ ಜೊತೆ ಮಗುವಾಗಿ ಆಟ ಆಡುತ್ತಿದ್ದೀರಿ.

ಕಿವಿ ಪರೀಕ್ಷೆಗೆ ಬರುವವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅನ್ನುತ್ತೇನಲ್ಲ, ಕೆಲವರು ನಾನು ಸದ್ದು ಕೊಡದಿದ್ದರೂ ಒತ್ತುತ್ತಾರೆ. ಎಲ್ಲಿ ತಪ್ಪಿಹೋಯಿತೋ ಅನ್ನುವ ಗಾಬರಿ. ಈ ತಿಂಗಳೆಲ್ಲ ನನ್ನದು ಅದೇ ಪಾಡು. ಫೋನು ಮಿಣುಕಿದರೆ ದುಡ್ಡು ಬಂತೇನೋ ಅಂತ, ಗೇಟು ಕಿರುಗುಟ್ಟಿದರೆ ನೀವೇ ಬಂದಿರೇನೋ ಅಂತ.

ಮೊನ್ನೆ ಮಧ್ಯಾಹ್ನ ಬೇಕರಿಯವರು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, "ಆಂಟಿಗೆ ಕೊಟ್ಟುಬಿಡು. ಅವರು ಕೊಟ್ಟಾಗ ನನಗೆ ವಾಪಸ್ ಕೊಡುವೆಯಂತೆ" ಅಂದರು. ನಾನು ಮುಟ್ಟಲಿಲ್ಲ. ಅದು ಈಗಲೂ ಮೇಜಿನ ಮೇಲೇ ಇದೆ. ಎಷ್ಟು ದಿನ ಮುಟ್ಟದೆ ಇರಬಲ್ಲೆ ಅಂತ ನನಗೇ ಗೊತ್ತಿಲ್ಲ. ಮುಟ್ಟಿದ ದಿನ ನೀವು ಸೋತಿರಿ, ನಾನೂ ಸೋತೆ.

ನಮ್ಮಲ್ಲಿಗೆ ವಕೀಲರೊಬ್ಬರು ಬರುತ್ತಾರೆ. ಅವರಿಗೆ ಅರ್ಧ ಕೇಳಿಸುವುದಿಲ್ಲ, ಮಿಕ್ಕರ್ಧ ತಾವೇ ಊಹಿಸಿಕೊಳ್ಳುತ್ತಾರೆ. ಆದರೂ ಅರ್ಜಿ ಚೆನ್ನಾಗಿ ಬರೆದಿದ್ದಾರೆ. ಕೋರ್ಟು ಆದೇಶ ಕೊಟ್ಟರೆ ನಿಮ್ಮ ಸಂಬಳದಲ್ಲೇ ಕಡಿತವಾಗುತ್ತದಂತೆ. ನನ್ನ ಸಹಿ ಒಂದು ಬಾಕಿ.

ನಾಳೆ ಸಂಜೆ ಚೀಲದಲ್ಲಿ ನಿಮ್ಮ ಉತ್ತರ ಇರಲಿ. ಬೈದು ಬರೆದರೂ ಸರಿ. ಒಂದು ಕಾರಣ ಬರೆಯಿರಿ, ಅದು ಸುಳ್ಳಾದರೂ ನಂಬುತ್ತೇನೆ. ಏನೂ ಇಲ್ಲದಿದ್ದರೆ ಸೋಮವಾರ ಸಹಿ ಹಾಕುತ್ತೇನೆ.

ಇಂತಿ,
ಬಟಾಣಿಯ ಅಮ್ಮ


ಮಾರ್ಚ್ 19, ಸೋಮವಾರ
ಅಂಚೆಯಲ್ಲಿ

ಬಟಾಣಿಯ ಅಪ್ಪನಿಗೆ,

ನಿನ್ನೆ ಸಂಜೆ ನಿಮ್ಮ ಅಕ್ಕ ಗಂಟೆ ಒತ್ತಿ ಹೊರಟು ಹೋದ ಮೇಲೆ ಚೀಲದ ಹೊರಜೇಬಿನಲ್ಲಿ ಕೈ ಹಾಕಿದೆ. ಒಂದು ಪೆನ್ಸಿಲ್ ಮೊಂಡು, ಬಸ್ಸಿನ ಎರಡು ಟಿಕೆಟ್ಟು. ಒಳಜೇಬು ನೋಡಿದೆ. ತಿಂಡಿ ಡಬ್ಬಿಯ ಮುಚ್ಚಳ ತೆಗೆದೂ ನೋಡಿದೆ. "ಅಪ್ಪ ಅಮ್ಮನಿಗೆ ಅಂತ ಏನಾದರೂ ಕೊಟ್ಟರಾ ಪುಟ್ಟಾ?" ಅಂತ ಕೇಳಿದೆ. "ಅಮ್ಮನಿಗೆ ಏನೂ ಕೊಡಲಿಲ್ಲ" ಅಂದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

ಇವತ್ತು ಸಹಿ ಹಾಕಿದೆ. ಇನ್ನು ಮುಂದೆ ಪತ್ರ ವ್ಯವಹಾರವೆಲ್ಲ ಅಂಚೆಯಲ್ಲೇ ಇರಲಿ ಅಂತ ವಕೀಲರು ಹೇಳಿದ್ದಾರೆ.

ಬಟಾಣಿಯ ಅಮ್ಮ


ಏಪ್ರಿಲ್ 28, ಶನಿವಾರ
ಅಂಚೆಯಲ್ಲಿ

ಬಟಾಣಿಯ ಅಪ್ಪನಿಗೆ,

ಮಂಗಳವಾರ ಕೋರ್ಟಿನಲ್ಲಿ ನೀವು ವಾದ ಮಾಡುತ್ತೀರಿ ಅಂತ ನಾನು ಕಾಗದ ಪತ್ರಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಆಂಟಿಯ ರಸೀದಿ, ಶಾಲೆಯ ಚೀಟಿ, ಬೂಟಿನ ಬಿಲ್ಲು. ಯಾವುದೂ ಬೇಕಾಗಲಿಲ್ಲ. ನೀವು ಎಲ್ಲಕ್ಕೂ ಹೂಂ ಅಂದಿರಿ. ಬಾಕಿಗೂ ಹೂಂ, ಕಡಿತಕ್ಕೂ ಹೂಂ. ಜಡ್ಜ್ ಅವರೇ "ಏನಾದರೂ ಹೇಳೋದಿದೆಯಾ" ಅಂತ ಎರಡು ಸಲ ಕೇಳಿದರು. "ಹೇಳೋದನ್ನೆಲ್ಲ ಬರೆದು ಕೊಟ್ಟಾಗಿದೆ" ಅಂದಿರಿ. ಅವರು ಫೈಲು ಮಗುಚಿ ಹಾಕಿದರು, ಗುಮಾಸ್ತರು ಮಗುಚಿ ಹಾಕಿದರು, ಏನೂ ಸಿಗಲಿಲ್ಲ. ಕೋರ್ಟನ್ನೂ ಅಣಕಿಸುವ ಧೈರ್ಯ ನೋಡು ಅಂತ ನನ್ನ ವಕೀಲರು ಪಿಸುಗುಟ್ಟಿದರು, ಅವರ ಪಿಸುಮಾತು ಎಲ್ಲರಿಗೂ ಕೇಳಿಸಿತು.

ನಾನು ತಲೆ ತಗ್ಗಿಸಿ ಕೂತಿದ್ದೆ. ನಿಮ್ಮನ್ನು ನೋಡಿದರೆ ಅಳು ಬರುತ್ತದೆ ಅನ್ನುವ ಭಯ. ನೀವು ಪೂರ್ತಿ ಹೊತ್ತು ಬಲಗೈ ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದಿರಂತೆ, "ಎಷ್ಟು ಉಡಾಫೆ" ಅಂದರು ವಕೀಲರು.

ಗೆದ್ದೆ ಅಂತ ಬೇಕರಿಯವರು ಕೇಕು ತಂದಿದ್ದರು. ತಿನ್ನಲಾಗಲಿಲ್ಲ.

ಬಟಾಣಿಯ ಅಮ್ಮ


ಮೇ 6, ಭಾನುವಾರ
ಅಂಚೆಯಲ್ಲಿ

ಬಟಾಣಿಯ ಅಮ್ಮನಿಗೆ,

ಕಡಿತದ ನೋಟಿಸ್ ಕಂಪನಿಗೆ ಬಂತು. ಕೋರ್ಟಿನ ರಗಳೆ ಇರೋ ಆಳು ಬೇಡ ಅಂತ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಏಜೆಂಟ್ ಒಬ್ಬರು ಬೇರೆ ಕಡೆ ಕೆಲಸ ಕೊಡಿಸಿದಾರೆ. ರೈಲಿನಲ್ಲಿ ಎರಡು ದಿನ. ನಲವತ್ತು ಅಂತಸ್ತಿನ ಕಟ್ಟಡಗಳು. ಎರಡು ವರ್ಷದ ಕರಾರು, ನಡುವೆ ರಜೆ ಇಲ್ಲ.

ಹಣ ಅಲ್ಲಿಂದಲೇ ಕಡಿತವಾಗಿ ಬರುತ್ತೆ. ಆದೇಶದ ಪ್ರತಿ ಅವರಿಗೆ ನಾನೇ ಕೊಟ್ಟಿದೀನಿ. ವಿಳಾಸ ಹಿಂದೆ ಇದೆ.

ಬಟಾಣಿಗೆ ಹೇಳಿದೀನಿ. ದೊಡ್ಡ ಲಿಫ್ಟು ಅಂದ ಕೂಡಲೇ ಖುಷಿಪಟ್ಟಳು. ಎಷ್ಟು ಭಾನುವಾರ ಅಂತ ಕೇಳಿದಳು. ಲೆಕ್ಕ ಬರಲ್ಲ ಅಂದೆ.

ಬಟಾಣಿಯ ಅಪ್ಪ


ಜೂನ್ 16, ಶನಿವಾರ

ಬಟಾಣಿಯ ಅಪ್ಪನಿಗೆ,

ಹಣ ಬಂದಿದೆ. ಒಂದನೇ ತಾರೀಖಿಗೇ ಬಂತು, ಪೂರ್ತಿ. ಆಂಟಿಗೆ ಬಾಕಿ ತೀರಿಸಿದೆ. ಮೇಜಿನ ಮೇಲಿದ್ದ ಲಕೋಟೆಯನ್ನು ಬೇಕರಿಯವರಿಗೆ ಮುಟ್ಟದ ಹಾಗೆಯೇ ವಾಪಸ್ ಕೊಟ್ಟೆ. ಅವರು ಅದರ ಮೇಲಿನ ಧೂಳು ಊದಿ ನಕ್ಕರು.

ನಾನು ಬಯಸಿದ್ದೆಲ್ಲ ಸಿಕ್ಕಿದೆ. ಆದರೂ ಶನಿವಾರ ಆರು ಗಂಟೆಗೆ ಗೇಟಿನ ಕಡೆ ಕಿವಿ ಹೋಗುತ್ತದೆ. ಬಟಾಣಿ ಎರಡು ಶನಿವಾರ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಮೂರನೆಯ ಶನಿವಾರ ಕೂರಲಿಲ್ಲ. ಕೂತಾಗಿನ ಸಂಕಟಕ್ಕಿಂತ ಕೂರದೆ ಹೋದಾಗಿನದೇ ಹೆಚ್ಚಾಯಿತು.

ಅವಳಿಗೆ ಎರಡು ಸಾಲು ಬರೆಯಿರಿ. ಓದಲು ಶುರು ಮಾಡಿದ್ದಾಳೆ.

ಬಟಾಣಿಯ ಅಮ್ಮ


ಸೆಪ್ಟೆಂಬರ್ 24, ಸೋಮವಾರ

ಬಟಾಣಿಯ ಅಪ್ಪನಿಗೆ,

ಕ್ಲಿನಿಕ್ಕಿನ ಗಾಜಿನ ಕೋಣೆಯೊಳಗೆ ಕೂತು ಬರೆಯುತ್ತಿದ್ದೇನೆ. ಊಟದ ಹೊತ್ತು, ಯಾರೂ ಇಲ್ಲ. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಅಳುವುದಕ್ಕೆ ಇದೇ ಸರಿಯಾದ ಜಾಗ ಅಂತ ಇಷ್ಟು ವರ್ಷ ಹೊಳೆದಿರಲಿಲ್ಲ.

ನಿನ್ನೆ ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಬಟಾಣಿ ಕಿಟಕಿಯ ಕೆಳಗೆ ಕೂತು ಜೋರಾಗಿ ಓದುತ್ತಿದ್ದಳು. ಈಗೀಗ ಏನು ಸಿಕ್ಕಿದರೂ ಓದುತ್ತಾಳೆ, ಸೋಪಿನ ಕವರು, ಔಷಧಿ ಬಾಟಲಿ, ಅಂಗಡಿ ಬೋರ್ಡು. "ಇ-ದು ಎ-ಡ-ಗೈ ಅ-ಕ್ಷ-ರ. ನ-ಗ-ಬೇ-ಡ." ಶಾಲೆಯ ಪಾಠ ಅಂದುಕೊಂಡೆ. "ಬಲಗೈ ಮಣಿಕಟ್ಟು ಮುರಿದು ಏಳು ವಾರ ಆಯಿತು." ಪಾಠದಲ್ಲಿ ಯಾರೋ ಬಿದ್ದಿದ್ದಾರೆ, ಪಾಪ, ಅಂದುಕೊಂಡು ಅವಳ ಅಂಗಿಯನ್ನು ಮಡಚಿದೆ. "ಲಿಫ್ಟಿನ ಬಾಗಿಲಿಗೆ ಸಿಕ್ಕಿತು." ನನ್ನ ಕೈ ಅಲ್ಲೇ ನಿಂತಿತು.

ನಾನು ತಡೆಯಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಅವಳು ಓದುತ್ತಾ ಹೋದಳು, ನಾನು ನಿಂತೇ ಇದ್ದೆ. ನಿನ್ನ ಕಾಗದ ನಾನು ಕೇಳಿದ್ದು ಹೀಗೆ, ಅವಳ ದನಿಯಲ್ಲಿ:

"ಕಂಪನಿ ಅರ್ಧ ಸಂಬಳ ಕೊಟ್ಟಿತು, ನಾನು ಅರ್ಧ ಕೊಟ್ಟೆ. ಈ ತಿಂಗಳು ಅದೂ ಇಲ್ಲ. ಹೇಳಬೇಕು ಅಂತಿದ್ದ ದಿನವೇ ನಿನ್ನ ಕಾಗದ ಬಂತು, ಅವರು ಮನೆಗೆ ಬಂದಿದಾರೆ ಅಂತ. ಅವರಿಗೆ ಎರಡು ಕೈಯೂ ನೆಟ್ಟಗಿವೆ. ನಾಚಿಕೆಯಾಗಿ ಜಂಬ ಕೊಚ್ಚಿದೆ. ಅವರು ಒಳ್ಳೆಯವರು ಅಂತ ಬಟಾಣಿ ಹೇಳ್ತಾಳೆ. ಅದು ಕೇಳಿದ ದಿನ ಊಟ ಸೇರಲಿಲ್ಲ. ಕೈ ವಿಷಯ ಅಮ್ಮನಿಗೆ ಹೇಳಬೇಡ ಅಂತ ಅವಳಿಗೆ ನಾನೇ ಹೇಳಿದ್ದೆ, ಅದು ತಪ್ಪು. ಮೇ ತಿಂಗಳಿಗೆ ಕೆಲಸಕ್ಕೆ ವಾಪಸ್ ತಗೋತಾರೆ. ಅಲ್ಲಿವರೆಗೆ ತಡಿ. ಒಂದು ಕಾಸೂ ಬಿಡದೆ ಕೊಡ್ತೀನಿ. ನೀನು ಆ ದುಡ್ಡು ಮುಟ್ಟಲಿಲ್ಲ ಅನ್ನೋ ಸಾಲನ್ನ ಮತ್ತೆ ಮತ್ತೆ ಓದಿದೆ. ಸಹಿ ಹಾಕಬೇಡ."

ಓದಿ ಮುಗಿಸಿ "ಎಲ್ಲ ಓದಿದೆ ನೋಡು" ಅಂದಳು.

"ಇದೆಲ್ಲಿತ್ತು?" ಅಂದೆ.

"ನನ್ನ ಡಬ್ಬಿಯಲ್ಲಿ."

ಶ್ರವಣಯಂತ್ರದ ಖಾಲಿ ಡಬ್ಬಿಯೊಂದನ್ನು ಅವಳಿಗೆ ಆಡಲು ಕೊಟ್ಟಿದ್ದೆ. ಮಣಿ, ಗುಂಡಿ, ಬಿದ್ದ ಹಲ್ಲು ಎಲ್ಲ ಅದರಲ್ಲಿರುತ್ತವೆ.

"ಯಾವಾಗಿಂದ?"

"ಅಪ್ಪ ಚೀಲದಲ್ಲಿ ಇಟ್ಟರಲ್ಲ, ಆವಾಗಿಂದ. ಬಸ್ಸಲ್ಲಿ ತೆಗೆದೆ."

"ನನಗ್ಯಾಕೆ ಕೊಡಲಿಲ್ಲ ಮಗಳೇ?"

ಅವಳು ಕಾಗದವನ್ನು ಮಡಚಿ ಹೊರಭಾಗ ತೋರಿಸಿದಳು. ನಿನ್ನ ಸೊಟ್ಟ ಅಕ್ಷರದಲ್ಲಿ "ಬಟಾಣಿಯ ಅಮ್ಮನಿಗೆ" ಅಂತಿತ್ತು. ಮೊದಲ ಮೂರು ಅಕ್ಷರದ ಮೇಲೆ ಬೆರಳಿಟ್ಟು, "ಇದು ನನ್ನ ಹೆಸರು. ಅಪ್ಪ ಕಲಿಸಿದ್ದು. ನನಗೇ ಬರೆದಿದ್ದಾರೆ ಅಂತ ಇಟ್ಟುಕೊಂಡೆ. ಓದೋಕೆ ಬರೋವರೆಗೂ ಜೋಪಾನವಾಗಿ ಇಟ್ಟಿದ್ದೆ" ಅಂದಳು. ಆಮೇಲೆ ಮುಂದಿನ ಅಕ್ಷರಗಳನ್ನು ನಿಧಾನವಾಗಿ ನೋಡಿ, ನನ್ನ ಮುಖ ನೋಡಿ, "ನಿನಗಾ?" ಅಂದಳು.

"ಇಬ್ಬರಿಗೂ" ಅಂದೆ. ಅವಳಿಗೆ ಇನ್ನೇನೂ ಹೇಳಿಲ್ಲ. ಯಾವತ್ತೂ ಹೇಳುವುದಿಲ್ಲ. ಕೈ ವಿಷಯ ಯಾರಿಗೂ ಬಾಯಿ ಬಿಡಲಿಲ್ಲ ಅಂತ ಹೆಮ್ಮೆಪಟ್ಟುಕೊಂಡಳು. ಬೆನ್ನು ತಟ್ಟಿದೆ.

ಮಾರ್ಚಿನಲ್ಲಿ "ಅಮ್ಮನಿಗೆ ಏನೂ ಕೊಡಲಿಲ್ಲ" ಅಂದಾಗ ಅವಳು ಸುಳ್ಳು ಹೇಳಿರಲಿಲ್ಲ. ಕೋರ್ಟಿನಲ್ಲಿ "ಬರೆದು ಕೊಟ್ಟಾಗಿದೆ" ಅಂದಾಗ ನೀನೂ ಸುಳ್ಳು ಹೇಳಿರಲಿಲ್ಲ. ಸುಳ್ಳಾದರೂ ನಂಬುತ್ತೇನೆ ಅಂತ ಬರೆದವಳು ನಾನು, ಒಂದು ಫೋನು ಮಾಡಿ ಕೇಳಲಿಲ್ಲ. ನಿನ್ನ ಅಕ್ಕನನ್ನು ಗೇಟಿನ ಹತ್ತಿರ ಒಂದು ನಿಮಿಷ ನಿಲ್ಲಿಸಿ ಕೇಳಲಿಲ್ಲ. ಸೊಟ್ಟ ಅಕ್ಷರ ನೋಡಿ ತಿರಸ್ಕಾರ ಅಂದುಕೊಂಡೆ. ಜೇಬಿನಲ್ಲಿದ್ದ ಕೈ ನೋಡಿ ಉಡಾಫೆ ಅಂದುಕೊಂಡೆ, ಅದನ್ನು ನೋಡಿದ್ದೂ ನಾನಲ್ಲ.

ನಿನ್ನೆ ಬಟಾಣಿ ಓದಿದ್ದು ಒಳಗೆ ಮಲಗಿದ್ದ ಬೇಕರಿಯವರಿಗೂ ಕೇಳಿಸಿತ್ತು. ಇವತ್ತು ಹೊರಡುವಾಗ "ಬರಿ ಅವರಿಗೆ, ತಡ ಮಾಡಬೇಡ" ಅಂತಷ್ಟೇ ಅಂದರು.

ಕರಾರು ಮುರಿದು ಬರಲಾಗುತ್ತದೆಯೇ? ಕಡಿತ ನಿಲ್ಲಿಸಲು ನಾನೇ ಕೋರ್ಟಿಗೆ ಹೋಗುತ್ತೇನೆ. ಕೈ ಈಗ ಹೇಗಿದೆ? ಯಾರು ನೋಡಿಕೊಂಡರು ಆಗ, ಒಂದೇ ಕೈಯಲ್ಲಿ ಅವಳ ಜಡೆ ಹೇಗೆ ಹಾಕಿದೆ? ಅವಳು ಪ್ರತಿ ಸಲ ಜಡೆ ಬಿಚ್ಚಿಕೊಂಡು ಬರುತ್ತಿದ್ದಳು. ಅದಕ್ಕೂ ನಿನ್ನನ್ನು ಬೈದುಕೊಂಡಿದ್ದೆ.

ನಿನ್ನ
ಬಟಾಣಿಯ ಅಮ್ಮ


ಅಕ್ಟೋಬರ್ 14, ಭಾನುವಾರ

ಬಟಾಣಿಯ ಅಮ್ಮನಿಗೆ,

ಕಾಗದ ಬಂದು ಒಂದು ವಾರ ಆಯಿತು. ಮೊದಲ ಮೂರು ದಿನ ಓದಿದೆ. ಆಮೇಲೆ ಬರೆದಿದ್ದನ್ನೆಲ್ಲ ಹರಿದು ಹಾಕಿದೆ.

ಕೋರ್ಟಿನಲ್ಲಿ ನೀನು ತಲೆ ಎತ್ತುತ್ತೀಯ ಅಂತ ನೋಡ್ತಾನೇ ಇದ್ದೆ. ಎತ್ತಲಿಲ್ಲ. ಚೀಲದಲ್ಲಿ ನಾನೇ ಕೈಯಾರೆ ಇಟ್ಟಿದ್ದೆ, ಏನೂ ಸಿಗಲಿಲ್ಲ ಅಂತ ನೀನು ಅಂಚೆಯಲ್ಲಿ ಬರೆದದ್ದು ವಕೀಲರು ಹೇಳಿಕೊಟ್ಟ ಮಾತು ಅಂತ ತಿಳಿದೆ. ಅಷ್ಟೆಲ್ಲ ಓದಿದ ಮೇಲೂ ಸಹಿ ಹಾಕಿದಳಲ್ಲ, ಇನ್ನು ಈ ಊರಲ್ಲಿ ನನಗೇನಿದೆ ಅಂದುಕೊಂಡೆ. ದೂರದ ಕೆಲಸ ಒಪ್ಪಿಕೊಂಡಿದ್ದು ಅದಕ್ಕೇ. ಹತ್ತಿರದಲ್ಲೂ ಒಂದು ಇತ್ತು.

ಕರಾರು ಮುರಿಯೋಕಾಗಲ್ಲ. ಮುಂಗಡ ತಗೊಂಡು ನಿನ್ನ ಬಾಕಿ ಕಟ್ಟಿದೀನಿ. ಇನ್ನೂ ಹತ್ತೊಂಬತ್ತು ತಿಂಗಳು. ಕಡಿತ ನಿಲ್ಲಿಸಬೇಡ. ಅವಳ ಬೂಟು ನನ್ನದೇ ಇರಲಿ.

ಮಣಿಕಟ್ಟು ಪೂರ್ತಿ ತಿರುಗಲ್ಲ. ಎಡಗೈ ಪಳಗಿದೆ. ನೋಡು, ಇದನ್ನ ಬಸ್ಸಿನಲ್ಲಿ ನಿಂತು ಬರೆದ ಹಾಗೆ ಕಾಣಲ್ಲ ಅಲ್ವಾ.

ಜಡೆ ಅಕ್ಕ ಹಾಕ್ತಿದ್ದಳು. ಬಸ್ಸಿನಲ್ಲಿ ಬಿಚ್ಚಿಕೊಳ್ತಿದ್ದಿದ್ದು ಬಟಾಣಿಯೇ, ನೀನು ಮತ್ತೆ ಹಾಕಲಿ ಅಂತ.

ಆ ಕಾಗದ ಅವಳ ಡಬ್ಬಿಯಲ್ಲೇ ಇರಲಿ. ನೀನು ತಗೋಬೇಡ. ಮೇಲೆ ಅವಳ ಹೆಸರಿದೆ, ಕೆಳಗೆ ನನ್ನದಿದೆ.

ಒಂದು ವಿಷಯ ಮಾತ್ರ ತಿಳಿಸು. ಮೂರು ಅಕ್ಷರ ಕಲಿಸಿದ್ದು ನಾನು, ಮಿಕ್ಕಿದ್ದನ್ನೆಲ್ಲ ಬೇರೆ ಯಾರೋ ಕಲಿಸಿದರು. ಅವಳು ಓದೋದನ್ನ ನಾನು ಇನ್ನೂ ಕೇಳಿಸಿಕೊಂಡಿಲ್ಲ. ಆ ಕಾಗದ ಓದುವಾಗ ಅವಳು ಎಲ್ಲೆಲ್ಲಿ ತಡವರಿಸಿದಳು, ಬರಿ.

ಬಟಾಣಿಯ ಅಪ್ಪ